ಬಿಸಿಗೆ ಕರಗಿ, ತಣಿದಾಗ ಹಿಡಿಯುವ ಅಂಟು

(ಚಿಕ್ಕಮಗಳೂರಿನಲ್ಲಿ ಮರಗೆಲಸದವರು, ಐಟಿಐ ವಿದ್ಯಾರ್ಥಿಗಳು ಮತ್ತು ಹವ್ಯಾಸಕ್ಕಾಗಿ ಮರಗೆಲಸ ಮಾಡುವವರ ಮುಂದೆ, ಕೆಲಸ ಮಾಡಿ ತೋರಿಸುತ್ತಾ ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲಿರುವುದು ಮನೆಯಲ್ಲಿ ಬಟ್ಟೆಗೆ ಬಳಸುವ ಮಾಮೂಲಿ ಇಸ್ತ್ರಿ ಪೆಟ್ಟಿಗೆ. ಹಳೇ ಮಾದರಿ, ಸ್ವಲ್ಪ ಭಾರ, ತಳದಲ್ಲಿ ಹಬೆಯ ತೂತುಗಳಿಲ್ಲ. ಪಕ್ಕದಲ್ಲಿ 18 ಎಂಎಂ ಪ್ಲೈವುಡ್ಡಿನ ತುಂಡು, ಒಂದೂವರೆ ಅಡಿ ಉದ್ದ, ಒಂದಡಿ ಅಗಲ. ಅದರಾಚೆ ಅಂಚು ಎತ್ತಿಕೊಂಡು ಮಲಗಿರುವುದು ಬೀಟೆ ಮರದ ವಿನಿಯರ್, ಅಂದರೆ ತೆಳುವಾಗಿ ಸೀಳಿದ ಮರದ ಹಾಳೆ, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಪ್ಲೈವುಡ್ಡಿನ ಮುಖಕ್ಕೂ ವಿನಿಯರಿನ ಬೆನ್ನಿಗೂ ಬೆಳಿಗ್ಗೆಯೇ ಬಿಳಿ ಅಂಟು ಬಳಿದು ಒಣಗಿಸಿ ತಂದಿದ್ದೇನೆ. ಮುಂದಿನ ಸಾಲಿನಲ್ಲಿರುವವರು ಬಂದು ಬೆರಳಿಟ್ಟು ನೋಡಿ. ಕೈಗೆ ಹತ್ತುವುದಿಲ್ಲ, ಒಣಗಿದ ಗಂಜಿಯ ಹಾಗೆ ನುಣ್ಣಗೆ ಹೊಳೆಯುತ್ತದೆ. ನಾನು ಮಾತು ಮುಗಿಸುವ ಹೊತ್ತಿಗೆ ಇವೆರಡೂ ಒಂದೇ ಹಲಗೆಯಾಗಬೇಕು.

ಅಂಟು ಹಾಕದ ಇನ್ನೊಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ, ನೋಡಿ. ಕಂದು ನೇರಳೆ ಬಣ್ಣದ ಮೈ, ಅದರಲ್ಲಿ ಕಪ್ಪು ಗೆರೆಗಳು. ನಡುನಡುವೆ ಸೂಜಿಮೊನೆಯಷ್ಟು ಚುಕ್ಕೆಗಳಲ್ಲಿ ಬೆಳಕು ತೂರಿ ಬರುತ್ತಿದೆ. ಮರ ಬದುಕಿದ್ದಾಗ ಬೇರಿನಿಂದ ನೀರು ಏರಿದ ಕೊಳವೆಗಳು ಅವು. ಇಷ್ಟು ತೆಳುವಾಗಿ ಸೀಳಿದಾಗ ಆ ಕೊಳವೆಗಳು ಆರಪಾರ ತೂತಾಗುತ್ತವೆ. ಈ ಚುಕ್ಕೆಗಳನ್ನು ನೆನಪಿಟ್ಟುಕೊಳ್ಳಿ. ಅಂಟು ಹೆಚ್ಚಾದರೆ ಅದು ಮೇಲಕ್ಕೆ ಉಕ್ಕಿ ಪಾಲಿಶ್ ಹಾಳು ಮಾಡುವುದು ಇದೇ ದಾರಿಯಲ್ಲಿ.

ವಿನಿಯರ್ ಅಂದ ಕೂಡಲೇ "ಅದು ಗಟ್ಟಿ ಮರ ಅಲ್ಲವಲ್ಲ, ಮೇಲೆ ಅಂಟಿಸಿದ್ದು ತಾನೆ" ಅನ್ನುವವರು ಬಹಳ ಜನ. ಗಟ್ಟಿ ಮರ ಅಂತ ಸುಳ್ಳು ಹೇಳಿ ಮಾರಿದರೆ ಅದು ಮೋಸವೇ. ವಿನಿಯರ್ ಅಂತ ಹೇಳಿ ಮಾಡಿಕೊಟ್ಟರೆ ಅದು ಮರದ ಮೇಲಿನ ಗೌರವ ಅಂತ ನಾನು ನಂಬಿದ್ದೇನೆ. ಒಂದು ಲೆಕ್ಕ ಹಾಕಿ. ಒಂದಿಂಚು ದಪ್ಪದ ಬೀಟೆ ಹಲಗೆ ಅಂದರೆ 25 ಮಿಲಿಮೀಟರು. ಅದರಲ್ಲಿ ಕಪಾಟಿನ ಒಂದು ಬಾಗಿಲಾಗಬಹುದು. ಅದೇ ದಪ್ಪವನ್ನು 0.6 ಮಿಲಿಮೀಟರಿನ ಹಾಳೆಗಳಾಗಿ ಸೀಳಿದರೆ ನಲವತ್ತು ಹಾಳೆ ಬರುತ್ತವೆ. ಗರಗಸದಲ್ಲಿ ಕೊಯ್ಯುವುದಲ್ಲ, ಅಲಗಿನಲ್ಲಿ ಸೀಳುವುದು, ಹಾಗಾಗಿ ಹೊಟ್ಟಿನ ನಷ್ಟವೂ ಇಲ್ಲ. ನಮ್ಮ ತೋಟದಲ್ಲೇ ಬೆಳೆದ ಬೀಟೆಯನ್ನು ಕಡಿಯಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು ಅಂತ ಇಲ್ಲಿ ಕೂತಿರುವ ಬೆಳೆಗಾರರಿಗೆ ಗೊತ್ತೇ ಇದೆ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಹೇರುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಇಂಥ ಮರವನ್ನು ಕಪಾಟಿನ ಒಳಗೋಡೆಗೂ ಡ್ರಾಯರಿನ ತಳಕ್ಕೂ ಗಟ್ಟಿಯಾಗಿ ಹಾಕುವುದು ನನಗೆ ತಪ್ಪಾಗಿ ಕಾಣುತ್ತದೆ.

ಇದು ಹೊಸ ವಿದ್ಯೆಯೂ ಅಲ್ಲ. ಈಜಿಪ್ಟಿನ ಥೀಬ್ಸ್‌ನಲ್ಲಿ ರೆಖ್‌ಮಿರೆ ಎಂಬ ಮಂತ್ರಿಯ ಸಮಾಧಿಯಿದೆ, ಸುಮಾರು ಮೂರು ಸಾವಿರದ ನಾನೂರು ವರ್ಷ ಹಳೆಯದು. ಅದರ ಗೋಡೆಚಿತ್ರದಲ್ಲಿ ಬಡಗಿಗಳು ತೆಳು ಮರದ ಹಾಳೆ ಅಂಟಿಸುತ್ತಿದ್ದಾರೆ, ಪಕ್ಕದಲ್ಲಿ ಬೆಂಕಿಯ ಮೇಲೆ ಅಂಟಿನ ಗಡಿಗೆ ಕೂತಿದೆ. ಆ ಗಡಿಗೆಯನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ನಮ್ಮಪ್ಪ ಮರವಜ್ರ ಕಾಯಿಸುತ್ತಿದ್ದರು. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಅಂಟು ಅದು, ಕೆಲವರು ಸರೇಸು ಅಂತಲೂ ಕರೆಯುತ್ತಾರೆ. ಬೆಲ್ಲದ ಚೂರಿನಂತಿರುವ ಅದನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಸಣ್ಣ ಪಾತ್ರೆ ಇಟ್ಟು ಕರಗಿಸಬೇಕು. ನೇರ ಬೆಂಕಿ ತಾಗಿದರೆ ಸೀದು ಹೋಗುತ್ತದೆ. ಆ ವಾಸನೆಗೆ ಅಮ್ಮ ಅಡುಗೆಮನೆಯ ಬಾಗಿಲು ಹಾಕಿಬಿಡುತ್ತಿದ್ದರು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಮರವಜ್ರ ನಿಧಾನಕ್ಕೆ ಮೂಲೆ ಸೇರಿತು.

ಆದರೆ ಮರವಜ್ರದ ಒಂದು ಗುಣ ಬಿಳಿ ಅಂಟಿನಲ್ಲೂ ಇದೆ. ನಮ್ಮಲ್ಲಿ ಅದನ್ನು ಬಳಸಿಕೊಳ್ಳುವವರು ಕಡಿಮೆ. ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್ ಅನ್ನುವ ಪದಾರ್ಥ. ಜರ್ಮನಿಯ ಫ್ರಿಟ್ಜ್ ಕ್ಲಾಟೆ 1912ರಲ್ಲಿ ಕಂಡುಹಿಡಿದದ್ದು. ಡಬ್ಬದಲ್ಲಿ ಅದು ನೀರಿನಲ್ಲಿ ತೇಲುವ ಸಣ್ಣ ಸಣ್ಣ ಹನಿಗಳ ರೂಪದಲ್ಲಿರುತ್ತದೆ, ಅದಕ್ಕೇ ಹಾಲಿನ ಬಣ್ಣ. ನೀರು ಆರಿದಾಗ ಹನಿಗಳು ಒಂದಕ್ಕೊಂದು ಕೂಡಿ ಪಾರದರ್ಶಕ ಪೊರೆಯಾಗುತ್ತವೆ. ಆ ಪೊರೆ ಬಿಸಿ ಮಾಡಿದರೆ ಮೆತ್ತಗಾಗುತ್ತದೆ, ತಣಿದರೆ ಮತ್ತೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಬಾಟಲಿಯಲ್ಲಿ ಗಡ್ಡೆ ಕಟ್ಟಿದ ಕೊಬ್ಬರಿ ಎಣ್ಣೆಯನ್ನು ಬಿಸಿಲಿಗಿಟ್ಟರೆ ಕರಗುತ್ತದಲ್ಲ, ಹಾಗೆ. ಇಂದು ನಾವು ಮಾಡುವ ಕೆಲಸವೆಲ್ಲ ಇದೊಂದೇ ಗುಣದ ಮೇಲೆ ನಿಂತಿದೆ.

ಎಲ್ಲ ಬಿಳಿ ಅಂಟಿಗೂ ಇದು ಒಂದೇ ಸಮ ಇರುವುದಿಲ್ಲ. ನೀರು ತಾಳುತ್ತದೆ ಅಂತ ಮಾರುವ ಅಂಟುಗಳಲ್ಲಿ ಒಣಗುವಾಗ ಒಳಗೊಳಗೇ ಕೊಂಡಿಗಳು ಬೆಸೆದುಕೊಳ್ಳುತ್ತವೆ. ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾಗದ ಹಾಗೆ, ಅವು ಒಮ್ಮೆ ಒಣಗಿದ ಮೇಲೆ ಬಿಸಿಗೆ ಸರಿಯಾಗಿ ಮೆತ್ತಗಾಗುವುದಿಲ್ಲ. ಅಡುಗೆಮನೆ ಕೆಲಸಕ್ಕೆ ಅವು ಒಳ್ಳೆಯವು, ಇಸ್ತ್ರಿ ಕೆಲಸಕ್ಕೆ ಬೇಡ. ಫೆವಿಕಾಲ್ ಎಸ್‌ಎಚ್ ತರಹದ ಸಾಧಾರಣ ಬಿಳಿ ಅಂಟು ಸಾಕು. ಹೊಸ ಡಬ್ಬ ತಂದಾಗಲೆಲ್ಲ ಎರಡು ಚೂರು ಪ್ಲೈವುಡ್ಡಿಗೆ ಬಳಿದು, ಒಣಗಿಸಿ, ಇಸ್ತ್ರಿ ಮಾಡಿ, ತಣಿದ ಮೇಲೆ ಕಿತ್ತು ನೋಡುವುದು ನನ್ನ ರೂಢಿ. ಕೀಳುವಾಗ ಮರದ ನಾರು ಹರಿದು ಬಂದರೆ ಆ ಅಂಟು ನಂಬಿಕೆಗೆ ಯೋಗ್ಯ. ಅಂಟಿನ ಪೊರೆ ನುಣ್ಣಗೆ ಬಿಟ್ಟುಕೊಂಡರೆ ಬಿಸಿ ಸಾಲದು, ಇಲ್ಲವೇ ಆ ಅಂಟು ಈ ಕೆಲಸದ್ದಲ್ಲ.

ಇಲ್ಲೊಬ್ಬರು ಮೊದಲೇ ಕೇಳಿದರು, ಸನ್‌ಮೈಕಾಗೆ ಹಾಕುವ ರಬ್ಬರ್ ಅಂಟು ಬಳಿದು ಅಂಟಿಸಿದರೆ ಇಸ್ತ್ರಿಯ ಗೋಜೇ ಇಲ್ಲವಲ್ಲ ಅಂತ. ಸನ್‌ಮೈಕಾಗೆ ಅದು ಸರಿ. ತೆಳು ವಿನಿಯರ್ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಜೀವ. ರಬ್ಬರ್ ಅಂಟು ಒಣಗಿದ ಮೇಲೂ ಮೆತ್ತಗೇ ಇರುವುದರಿಂದ ಹಾಳೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಅದು ನಿಧಾನಕ್ಕೆ ಜರುಗಲು ಬಿಡುತ್ತದೆ. ಜೊತೆಗೆ ಆಗ ತೋರಿಸಿದ ಚುಕ್ಕೆಗಳಿಂದ ಪಾಲಿಶ್‌ನ ಥಿನ್ನರ್ ಕೆಳಗಿಳಿದರೆ ಅಂಟು ಸಡಿಲವಾಗಿ ಗುಳ್ಳೆ ಏಳುತ್ತದೆ. ಇನ್ನೊಂದು ತೊಂದರೆ, ಒಮ್ಮೆ ತಾಗಿಸಿದರೆ ಕೂದಲೆಳೆಯಷ್ಟೂ ಸರಿಸಲಾಗದು. ಒಣಗಿದ ಬಿಳಿ ಅಂಟಿನ ಮೇಲೆ ಹಾಳೆಯನ್ನು ಹತ್ತು ಸಲ ಎತ್ತಿ ಹತ್ತು ಸಲ ಇಡಬಹುದು. ನಿಧಾನವಾಗಿ ಕೆಲಸ ಮಾಡುವವರಿಗೆ, ಒಬ್ಬರೇ ಮಾಡುವವರಿಗೆ, ಪ್ರೆಸ್ ಯಂತ್ರ ಇಲ್ಲದ ಸಣ್ಣ ಶೆಡ್‌ನವರಿಗೆ ಈ ವಿಧಾನ ಒಂದು ವರ.

ಕೆಳಗಿನ ಹಲಗೆಗೆ ಪ್ಲೈವುಡ್ ಅಥವಾ ಎಂಡಿಎಫ್, ಅಂದರೆ ಮರದ ನಾರಿನ ಪುಡಿಯನ್ನು ಒತ್ತಿ ಮಾಡಿದ ಹಲಗೆ, ತೆಗೆದುಕೊಳ್ಳಿ. ಮೇಲ್ಮೈ ಸಮ ಇರಬೇಕು, ಮೊಳೆಯ ಗುಳಿಯಿದ್ದರೆ ಪುಟ್ಟಿ ತುಂಬಿ ಉಜ್ಜಬೇಕು. ವಿನಿಯರ್ ಯಾವ ತಪ್ಪನ್ನೂ ಮುಚ್ಚುವುದಿಲ್ಲ, ಪಾಲಿಶ್ ಹೊಡೆದ ಮೇಲೆ ಒಳಗಿನ ಗುಳಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಕಪಾಟಿನ ಬಾಗಿಲಿನಂಥ ಬಿಡಿ ಹಲಗೆಯಾದರೆ ಎರಡೂ ಮುಖಕ್ಕೆ ಹಾಕಿ. ಒಂದೇ ಕಡೆ ಹಾಕಿದರೆ ಆ ಕಡೆಗೆ ಎಳೆದು ಬಾಗಿಲು ಸೊಟ್ಟಗಾಗುತ್ತದೆ. ಬೆನ್ನಿಗೆ ಬೀಟೆಯೇ ಆಗಬೇಕೆಂದಿಲ್ಲ, ಅಗ್ಗದ ಮರ ಸಾಕು.

ಅಗ್ಗದ ಮರ ಅಂದಾಗ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ತೋಟಗಳಲ್ಲಿ ನೆರಳಿಗೆ ಹಾಕಿದ, ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಇದೆಯಲ್ಲ, ಅದು ಆಸ್ಟ್ರೇಲಿಯಾದಿಂದ ಬಂದ ಮರ. ನಾವದನ್ನು ಪ್ಯಾಕಿಂಗ್ ಪೆಟ್ಟಿಗೆಗೂ ಪ್ಲೈವುಡ್ಡಿನ ಒಳಪದರಕ್ಕೂ ಕೊಟ್ಟು ಮರೆಯುತ್ತೇವೆ. ಪ್ಲೈವುಡ್ ಕಾರ್ಖಾನೆಯಲ್ಲಿ ದಿಮ್ಮಿಯನ್ನು ತಿರುಗಿಸುತ್ತಾ ಸಿಪ್ಪೆ ತೆಗೆದಂತೆ ಸುಲಿಯುತ್ತಾರೆ, ಆಗ ಅದರ ಚೆಲುವು ಕಾಣುವುದೇ ಇಲ್ಲ. ಅದೇ ದಿಮ್ಮಿಯನ್ನು ನಾಲ್ಕು ಭಾಗ ಮಾಡಿ, ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದರೆ ಹಾವಿನ ಪೊರೆಯಂಥ ಹೊಳೆಯುವ ಬಿಲ್ಲೆಗಳು ಮೂಡುತ್ತವೆ. ಈ ತುಂಡು ಕೈಯಿಂದ ಕೈಗೆ ಹೋಗಲಿ, ಓರೆ ಮಾಡಿ ನೋಡಿ. ಹೊರದೇಶಗಳಲ್ಲಿ ಇದನ್ನು ಲೇಸ್‌ವುಡ್ ಅಂತ ಆಸೆಪಟ್ಟು ಕೊಳ್ಳುತ್ತಾರೆ. ಬೀಟೆ ಕೊಡಿ ಅಂತ ಬರುವ ಗಿರಾಕಿಗೆ ನಾನು ಮೊದಲು ಈ ತುಂಡನ್ನೇ ತೋರಿಸುವುದು.

ಈಗ ಅಂಟು ಬಳಿಯುವುದು. ಇಲ್ಲಿ ಅವಸರ ಮಾಡಿದವರು ಆಮೇಲೆ ಇಸ್ತ್ರಿಯಲ್ಲಿ ಏನು ಮಾಡಿದರೂ ಸರಿಹೋಗದು. ಹತ್ತು ಭಾಗ ಅಂಟಿಗೆ ಒಂದು ಭಾಗ ನೀರು ಸೇರಿಸಿ ಕಲಸಿ, ಸಣ್ಣ ರೋಲರಿನಲ್ಲಿ ಎರಡೂ ಮುಖಕ್ಕೆ ಬಳಿಯಿರಿ. ಅಂಚಿಗೆ ಬ್ರಶ್ಶಿನಿಂದ ಇನ್ನೊಂದು ಸಲ ತೀಡಿ, ವಿನಿಯರ್ ಮೊದಲು ಏಳುವುದು ಅಂಚಿನಲ್ಲೇ. ಎಂಡಿಎಫ್ ಆದರೆ ಮೊದಲ ಕೋಟು ಪೂರ್ತಿ ಕುಡಿದುಬಿಡುತ್ತದೆ, ಅದು ಆರಿದ ಮೇಲೆ ಎರಡನೆಯದು ಬೇಕೇ ಬೇಕು. ರೋಲರಿನಲ್ಲಿ ಏಳುವ ಸಣ್ಣ ಗುಳ್ಳೆ, ಬ್ರಶ್ಶಿನ ಕೂದಲು, ಹೊಟ್ಟಿನ ಕಣ ಇವನ್ನು ಹಸಿಯಿದ್ದಾಗಲೇ ತೆಗೆಯಿರಿ. ಒಣಗಿದ ಮೇಲೆ ಕಂಡರೆ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ.

ವಿನಿಯರಿಗೆ ಅಂಟು ತಾಗಿದ ಕೂಡಲೇ ಅದು ಕಾದ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ. ಹೊಸಬರು ಗಾಬರಿಯಾಗಿ ಕೈಯಲ್ಲಿ ಒತ್ತಿ ಬಿಡಿಸಲು ಹೋಗಿ ಸೀಳಿಬಿಡುತ್ತಾರೆ. ಅಂಟಿನ ನೀರು ಕುಡಿದ ಮುಖ ಹಿಗ್ಗಿತು, ಇನ್ನೊಂದು ಮುಖ ಹಿಗ್ಗಲಿಲ್ಲ, ಆಗಿರುವುದು ಇಷ್ಟೇ. ಹಾಗಾಗಿ ಅಂಟು ಹಚ್ಚುವ ಮೊದಲೇ ಎದುರು ಮುಖಕ್ಕೆ ಗಿಡಕ್ಕೆ ಹೊಡೆಯುವ ಸ್ಪ್ರೇಯಲ್ಲಿ ಮಂಜಿನಂತೆ ನೀರು ಚಿಮುಕಿಸಿ. ಎರಡೂ ಮುಖ ಸಮನಾಗಿ ಹಿಗ್ಗಿ ಹಾಳೆ ಸುಮಾರಾಗಿ ಚಪ್ಪಟೆ ನಿಲ್ಲುತ್ತದೆ.

ಒಣಗುವ ಹೊತ್ತನ್ನು ಗಡಿಯಾರ ನೋಡಿ ಹೇಳಲು ನಮ್ಮ ಜಿಲ್ಲೆಯಲ್ಲಿ ಸಾಧ್ಯವಿಲ್ಲ. ಕಡೂರಿನ ಏಪ್ರಿಲ್ ಬಿಸಿಲಿಗೆ ಅರ್ಧ ಗಂಟೆ ಸಾಕು. ಮೂಡಿಗೆರೆಯ ಜುಲೈ ಮಳೆಯಲ್ಲಿ ಮೂರು ಗಂಟೆಯೂ ಸಾಲದು. ಬಣ್ಣ ನೋಡಿ. ಹಾಲಿನ ಬಿಳುಪು ಹೋಗಿ ಗಾಜಿನಂತಾಗಬೇಕು. ಬೆರಳ ಹಿಂಬದಿ ತಾಗಿಸಿದರೆ ತಣ್ಣನೆ ಅನ್ನಿಸಬಾರದು, ತಣ್ಣಗಿದ್ದರೆ ಇನ್ನೂ ನೀರಿದೆ ಅಂತ ಅರ್ಥ. ನೀರು ಉಳಿದ ಅಂಟಿನ ಮೇಲೆ ಇಸ್ತ್ರಿ ಇಟ್ಟರೆ ಅದು ಹಬೆಯಾಗಿ ಹಾಳೆಯನ್ನು ಎತ್ತಿಬಿಡುತ್ತದೆ. ಒಣಗಿದ ಮೇಲೆ ಅದೇ ದಿನ, ಹೆಚ್ಚೆಂದರೆ ಮಾರನೇ ದಿನ ಅಂಟಿಸಿ. ತಿಂಗಳುಗಟ್ಟಲೆ ಬಿಟ್ಟರೆ ಧೂಳು ಕೂತು ಪೊರೆ ಮೊಂಡಾಗುತ್ತದೆ.

ಇಸ್ತ್ರಿ ಪೆಟ್ಟಿಗೆಯನ್ನು ಈಗ ಚಾಲೂ ಮಾಡಿದ್ದೇನೆ. ಗುಂಡಿಯನ್ನು ಎರಡು ಚುಕ್ಕೆಗೆ ಇಟ್ಟಿದ್ದೇನೆ, ಉಣ್ಣೆ ಬಟ್ಟೆಯ ಬಿಸಿ, ಅಂದಾಜು 150 ಡಿಗ್ರಿ. ಮೂರು ಚುಕ್ಕೆ 200ರ ಹತ್ತಿರ ಹೋಗುತ್ತದೆ, ಅಲ್ಲಿ ಮರ ಕಂದುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಹಬೆ ಬರುವ ಹಾಗಿದ್ದರೆ ನೀರು ಪೂರ್ತಿ ಖಾಲಿ ಮಾಡಿ. ಪೆಟ್ಟಿಗೆಗೂ ವಿನಿಯರಿಗೂ ನಡುವೆ ಒಂದು ಕಂದು ಕಾಗದ ಇಟ್ಟುಕೊಳ್ಳಿ. ಸೀಯದಿರಲಿ ಅಂತ ಒಂದು ಕಾರಣ, ಇನ್ನೊಂದು ಕಾರಣ ಒಗರು. ನಮ್ಮ ಹಿರಿಯರು ಒಗರಾದ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ, ಹಾಕಿ ಮಸಿ ಮಾಡುತ್ತಿದ್ದರಲ್ಲ, ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು. ಮರದಲ್ಲೂ ಅಂಥದೇ ಒಗರಿದೆ. ಹಸಿಯಾದ ವಿನಿಯರ್ ಮೇಲೆ ತುಕ್ಕು ಹಿಡಿದ ಕಬ್ಬಿಣದ ತಳ ಕೂತರೆ ಅದೇ ಮಸಿ ಅಲ್ಲಿ ಮೂಡುತ್ತದೆ, ಉಜ್ಜಿದರೆ ಹೋಗುವುದಿಲ್ಲ.

ನೋಡಿ, ಹಾಳೆಯನ್ನು ಇಟ್ಟೆ. ನಾಲ್ಕೂ ಕಡೆ ಅರ್ಧ ಇಂಚು ಹೊರಗೆ ಚಾಚಿರಲಿ, ಅದನ್ನು ಕೊನೆಗೆ ಕತ್ತರಿಸಿದರಾಯಿತು. ನಡುವಿನಿಂದ ಶುರು. ಬಟ್ಟೆಗೆ ಓಡಿಸುವ ಹಾಗೆ ಓಡಿಸಬೇಡಿ. ಒಂದು ಜಾಗದಲ್ಲಿ ಐದಾರು ಸೆಕೆಂಡು ನಿಂತು, ಅಂಗುಲ ಅಂಗುಲವಾಗಿ ಮರದ ಎಳೆಯ ಉದ್ದಕ್ಕೆ, ಅಂದರೆ ನಾರು ಸಾಗುವ ದಿಕ್ಕಿಗೆ ಸರಿಸಿ. ನನ್ನ ಎಡಗೈಯಲ್ಲಿರುವುದು ಮತ್ತಿ ಮರದ ತುಂಡು, ಅಂಚು ಗುಂಡಗೆ ಮಾಡಿದ್ದೇನೆ. ಇಸ್ತ್ರಿ ಮುಂದೆ ಹೋದ ಹಾಗೆ ಅದರ ಹಿಂದೆಯೇ ಈ ತುಂಡು ಒತ್ತುತ್ತಾ ಬರುತ್ತದೆ. ಒತ್ತಿ, ಅಲ್ಲೇ ನಿಲ್ಲುತ್ತದೆ.

ಇಡೀ ಕೆಲಸದಲ್ಲಿ ನಾನು ಹೇಳಬೇಕಾದ ಒಂದು ಮಾತಿದ್ದರೆ ಅದು ಈ ಮರದ ತುಂಡಿನ ಬಗ್ಗೆ. ಬಿಸಿ ಅಂಟಿಸುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಿಸಿಯಿದ್ದಾಗ ಅಂಟು ಮೆತ್ತಗಿರುತ್ತದೆ, ಆಗ ಅದಕ್ಕೆ ಹಿಡಿತವೇ ಇಲ್ಲ. ಇಸ್ತ್ರಿ ಎತ್ತಿದ ಕೂಡಲೇ ಸುರುಟಿಕೊಳ್ಳುವ ಹಟವಿರುವ ಹಾಳೆ ಮತ್ತೆ ಮೇಲೇಳುತ್ತದೆ, ಎದ್ದ ಸ್ಥಿತಿಯಲ್ಲೇ ಅಂಟು ತಣಿದು ಗಟ್ಟಿಯಾಗುತ್ತದೆ. ಗುಳ್ಳೆ ಅಂತ ನೀವು ಬೈಯುವುದು ಇದನ್ನೇ. ಬಿಸಿ ಹೋಗಿ ಉಗುರು ಬೆಚ್ಚಗಾಗುವವರೆಗೆ ಯಾರು ಒತ್ತಿ ಹಿಡಿದಿರುತ್ತಾರೋ ಅವರ ಕೆಲಸ ನಿಲ್ಲುತ್ತದೆ. ಮರದ ತುಂಡು ಒತ್ತುವುದರ ಜೊತೆಗೆ ಬಿಸಿಯನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ. ಇಷ್ಟು ಸಣ್ಣ ಹಲಗೆಯಾದರೆ ಹೀಗೆ, ಮೇಲೆ ಕಾಗದ, ಅದರ ಮೇಲೆ ಇನ್ನೊಂದು ದಪ್ಪ ಹಲಗೆ, ಅದರ ಮೇಲೆ ನಾಲ್ಕು ಇಟ್ಟಿಗೆ. ಇದನ್ನು ಇಲ್ಲೇ ಬಿಡೋಣ, ತಣಿಯಲಿ.

ಅದು ತಣಿಯುವವರೆಗೆ ಜೋಡಿನ ವಿಷಯ. ಕಪಾಟಿನ ಬಾಗಿಲಿನಷ್ಟು ಅಗಲದ ಹಾಳೆ ಒಂದೇ ಸಿಗುವುದಿಲ್ಲ, ಎರಡು ಮೂರು ಜೋಡಿಸಲೇಬೇಕು. ನನ್ನ ಕೆಲಸದಲ್ಲಿ ನಡೆದ ಒಂದು ತಪ್ಪನ್ನು ಹೇಳುತ್ತೇನೆ, ನೀವದನ್ನು ಮಾಡದಿರಲಿ. ಒಂದು ಜುಲೈ ತಿಂಗಳಲ್ಲಿ ಕಡೂರಿನ ಮನೆಯೊಂದಕ್ಕೆ ತೇಗದ ವಿನಿಯರ್ ಹಾಕಿದ ಎರಡು ಬಾಗಿಲು ಮಾಡಿದೆ. ಪಕ್ಕಪಕ್ಕದ ಹಾಳೆಗಳನ್ನು ಪುಸ್ತಕ ಬಿಡಿಸಿದಂತೆ ಜೋಡಿಸಿದ್ದೆ, ನಡುಗೆರೆಯ ಎರಡೂ ಕಡೆ ಜ್ವಾಲೆಯಂಥ ಚಿತ್ರ ಕೂಡಿ ಬಂದಿತ್ತು. ಹಾಳೆಗಳು ವಾರಗಟ್ಟಲೆ ನನ್ನ ಶೆಡ್ಡಿನ ಥಂಡಿಯಲ್ಲಿ ಬಿದ್ದಿದ್ದವು. ಅಂಚಿಗೆ ಅಂಚು ತಾಗಿಸಿಟ್ಟು ನೇರವಾಗಿ ಇಸ್ತ್ರಿ ಮಾಡಿದೆ. ಕೊಡುವಾಗ ಜೋಡು ಕಾಣುತ್ತಲೇ ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಫೋನ್ ಬಂತು, ಹೋದೆ. ಮನೆಯ ಅಜ್ಜಿ ಏನೂ ಬೈಯಲಿಲ್ಲ. ಬಾಗಿಲ ಮುಂದೆ ನಿಲ್ಲಿಸಿ, ನಡುಗೆರೆಯ ಸಂದಿನಲ್ಲಿ ಹೆಬ್ಬೆರಳ ಉಗುರು ಇಟ್ಟು ಮೇಲಿಂದ ಕೆಳಗಿನವರೆಗೆ ಎಳೆದರು. "ಇದು ಹಿಂಗೇ ಇರ್ತೈತಾ ಆಚಾರ್ರೇ?" ಅಂದರು. ಉಗುರು ಪೂರ್ತಿ ಒಳಗೆ ಇಳಿದಿತ್ತು.

ಬಾಗಿಲು ವಾಪಸ್ ತಂದು ಹೊಸದಾಗಿ ಮಾಡಿಕೊಟ್ಟೆ. ಮರ ಉದ್ದಕ್ಕೆ ಕುಗ್ಗುವುದಿಲ್ಲ ಅನ್ನಬಹುದು, ಕುಗ್ಗುವುದು ಅಡ್ಡಕ್ಕೆ. ಜೋಡು ಇರುವುದು ಎಳೆಯ ಉದ್ದಕ್ಕೆ, ಹಾಗಾಗಿ ಕುಗ್ಗಿದ್ದೆಲ್ಲ ಜೋಡಿನಲ್ಲೇ ಬಾಯಿ ಬಿಡುತ್ತದೆ. ಇಸ್ತ್ರಿಯ ಬಿಸಿಗೇ ಒಂದಷ್ಟು ಕುಗ್ಗುತ್ತದೆ, ಮಲೆನಾಡಿನ ಥಂಡಿಯಲ್ಲಿ ಹಿಗ್ಗಿದ್ದ ಹಾಳೆ ಬಯಲುಸೀಮೆಯ ಒಣಗಾಳಿಗೆ ಹೋದಾಗ ಇನ್ನಷ್ಟು. ಇದೇ ಜಿಲ್ಲೆಯೊಳಗೆ ಎರಡು ಹವೆ ಇದೆ ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ಅಂಟು ಹಚ್ಚುವ ಮೊದಲೇ ಹಾಳೆಗಳನ್ನು ಕಾಗದದ ನಡುವೆ ಇಟ್ಟು ಒಣ ಇಸ್ತ್ರಿ ಮಾಡಿ, ಎರಡು ಹಲಗೆಗಳ ನಡುವೆ ಭಾರ ಹೇರಿ ಒಂದು ರಾತ್ರಿ ಬಿಡುತ್ತೇನೆ. ಅಂಟಿಸುವಾಗ ಎರಡನೇ ಹಾಳೆಯನ್ನು ಮೊದಲನೆಯದರ ಮೇಲೆ ಒಂದಿಂಚು ಹತ್ತಿಸಿ ಇಡುತ್ತೇನೆ. ಉಳಿದ ಭಾಗವನ್ನೆಲ್ಲ ಇಸ್ತ್ರಿ ಮಾಡಿ ಮುಗಿಸುತ್ತೇನೆ, ಜೋಡಿನ ಹತ್ತಿರ ಎರಡು ಬೆರಳಗಲ ಮುಟ್ಟುವುದಿಲ್ಲ. ಕುಗ್ಗುವುದೆಲ್ಲ ಕುಗ್ಗಿ ತಣಿಯಲಿ ಅಂತ ಕಾಯುತ್ತೇನೆ. ಆಮೇಲೆ ಒಂದರ ಮೇಲೊಂದು ಬಂದ ಜಾಗದ ನಡುವೆ ಸ್ಟೀಲ್ ಪಟ್ಟಿ ಇಟ್ಟು, ಹೊಸ ಕಟ್ಟರ್ ಬ್ಲೇಡಿನಿಂದ ಎರಡೂ ಹಾಳೆಯನ್ನು ಒಟ್ಟಿಗೆ ಕತ್ತರಿಸುತ್ತೇನೆ. ಒಂದೇ ಸಲಕ್ಕೆ ಒತ್ತಿ ಎಳೆಯದೆ, ಹಗುರವಾಗಿ ಮೂರು ನಾಲ್ಕು ಸಲ. ಮೇಲಿನ ಚೂರು ತೆಗೆದು, ಅಂಚನ್ನು ಮೆಲ್ಲಗೆ ಎತ್ತಿ ಕೆಳಗಿನ ಚೂರನ್ನೂ ಎಳೆದುಕೊಂಡರೆ ಎರಡು ಅಂಚೂ ಒಂದೇ ಅಲಗಿನಲ್ಲಿ ಹುಟ್ಟಿದವು, ಸಂದೇ ಇರುವುದಿಲ್ಲ. ಕೊನೆಗೆ ಆ ಗೆರೆಯ ಮೇಲೆ ಇಸ್ತ್ರಿ, ಹಿಂದೆಯೇ ಮತ್ತಿ ತುಂಡು.

ಗುಳ್ಳೆ ಇದೆಯೋ ಇಲ್ಲವೋ ಅಂತ ಕಣ್ಣಿಗೆ ಕಾಣದು, ಕಿವಿಗೆ ಕೇಳಿಸುತ್ತದೆ. ಉಗುರಿನಿಂದ ತಟ್ಟುತ್ತಾ ಹೋಗಿ. ಅಂಟಿದ ಕಡೆ ಕಲ್ಲಿಗೆ ತಟ್ಟಿದ ಹಾಗೆ ಮೊಟಕು ಸದ್ದು, ಬಿಟ್ಟ ಕಡೆ ಒಣ ಎಲೆಗೆ ತಟ್ಟಿದ ಹಾಗೆ ಪೊಳ್ಳು ಸದ್ದು. ಸಿಕ್ಕಿದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮತ್ತೆ ಇಸ್ತ್ರಿ ಇಡಿ, ಮತ್ತೆ ಒತ್ತಿ ಹಿಡಿಯಿರಿ. ಈ ಅಂಟಿನ ಉಪಕಾರ ಇದೇ, ಎರಡನೇ ಅವಕಾಶ ಕೊಡುತ್ತದೆ. ಅದಕ್ಕೂ ಬಗ್ಗದಿದ್ದರೆ ಅಲ್ಲಿ ಅಂಟೇ ಬಿದ್ದಿಲ್ಲ. ಎಳೆಯ ಉದ್ದಕ್ಕೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿ, ಸೂಜಿಯಿರುವ ಸಿರಿಂಜಿನಲ್ಲಿ ಒಂದು ಹನಿ ಅಂಟು ಬಿಟ್ಟು, ಭಾರ ಇಟ್ಟು ರಾತ್ರಿ ಬಿಡಿ. ಎಳೆಗೆ ಅಡ್ಡ ಸೀಳಬೇಡಿ, ಆ ಗಾಯ ಜನ್ಮದಲ್ಲಿ ಮಾಯುವುದಿಲ್ಲ.

ತೋಟದ ಹಳೇ ಬಂಗಲೆಯೊಂದರಿಂದ ನನ್ನ ಬಳಿಗೆ ಬರೆಯುವ ಮೇಜು ಬಂದಿತ್ತು. ಬ್ರಿಟಿಷರ ಕಾಲದ್ದು, ಮೇಲೆ ವಿನಿಯರ್. ಬಲಮೂಲೆಯಲ್ಲಿ ಹಾಳೆ ಅಂಗೈಯಷ್ಟು ಎದ್ದು ನಿಂತಿತ್ತು. ಎಲ್ಲ ಕಿತ್ತು ಸನ್‌ಮೈಕಾ ಹಾಕಿಬಿಡಿ ಅಂದಿದ್ದರು. ಎದ್ದ ಅಂಚಿನ ಕೆಳಗೆ ನೋಡಿದರೆ ಜೇನಿನ ಬಣ್ಣದ ಒಣ ಅಂಟು, ಮರವಜ್ರವೇ. ಹಸಿ ಬಟ್ಟೆ ಹಿಂಡಿ ಹಾಸಿ, ಮೇಲೆ ಇಸ್ತ್ರಿ ಇಟ್ಟೆ. ಮರವಜ್ರಕ್ಕೆ ಬಿಸಿಯ ಜೊತೆ ತೇವವೂ ಬೇಕು. ಒಂದು ನಿಮಿಷಕ್ಕೆ ಆ ವಾಸನೆ ಬಂತು, ಅಪ್ಪನ ಗಡಿಗೆಯ ವಾಸನೆ. ಬಟ್ಟೆ ತೆಗೆದು ತುಂಡು ಒತ್ತಿ ಹಿಡಿದೆ. ನಾನು ಹುಟ್ಟುವ ಮೊದಲು ಯಾರೋ ಬಡಗಿ ಬಳಿದ ಅಂಟು ಮತ್ತೆ ಕರಗಿ ಅದೇ ಹಾಳೆಯನ್ನು ಹಿಡಿದುಕೊಂಡಿತು. ಹೊಸ ಅಂಟು ಒಂದು ಹನಿಯೂ ಬೇಕಾಗಲಿಲ್ಲ. ಹಳೆಯ ಸಾಮಾನು ನಿಮ್ಮ ಕೈಗೆ ಬಂದರೆ ದಯವಿಟ್ಟು ಕೀಳುವ ಮೊದಲು ಇದನ್ನೊಮ್ಮೆ ಪ್ರಯತ್ನಿಸಿ. ಪಾಲಿಶ್ ಮೇಲೆ ಬಿಳಿ ಮಂಕು ಬರಬಹುದು, ಪಾಲಿಶ್ ಮತ್ತೆ ಹೊಡೆಯಬಹುದು. ಆ ಹಾಳೆ ಮತ್ತೆ ಸಿಗುವುದಿಲ್ಲ.

ಎಲ್ಲಿ ಬೇಡ ಅನ್ನುವುದನ್ನೂ ಹೇಳಿಬಿಡುತ್ತೇನೆ. ಬಿಸಿಗೆ ಕರಗುವ ಅಂಟು ಯಾವತ್ತಿದ್ದರೂ ಬಿಸಿಗೆ ಕರಗುವುದೇ. ಒಲೆಯಿಂದಿಳಿಸಿದ ಪಾತ್ರೆ ನೇರವಾಗಿ ಇಡುವ ಊಟದ ಮೇಜು, ಬಚ್ಚಲ ಹಂಡೆಯ ಒಲೆಗೆ ಹತ್ತಿರದ ಬಾಗಿಲು, ನೀರು ಬೀಳುವ ಸಿಂಕಿನ ಪಕ್ಕ, ಮಳೆ ಎರಚುವ ಜಗುಲಿ, ಇಲ್ಲೆಲ್ಲ ಬೇರೆ ಅಂಟು, ಬೇರೆ ವಿಧಾನ ಬೇಕು. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 4 ಎಂಎಂ ವಿನಿಯರ್ ಪ್ಲೈಗೂ ಇಸ್ತ್ರಿ ನಡೆಯದು, ಅಷ್ಟು ದಪ್ಪದ ಕೆಳಗೆ ಬಿಸಿ ಇಳಿಯುವ ಹೊತ್ತಿಗೆ ಮೇಲಿನ ಪದರ ಸೀದಿರುತ್ತದೆ. ಅದನ್ನು ಹಸಿ ಅಂಟಿನಲ್ಲಿ ಭಾರ ಹೇರಿಯೇ ಅಂಟಿಸಬೇಕು. ಹೊಸದಾಗಿ ಕಲಿಯುವವರು ಹಲಗೆಯ ಅಂಚಿನಿಂದ ಶುರು ಮಾಡಿ. ಬೆನ್ನಿಗೆ ಅಂಟು ಹಚ್ಚಿಯೇ ಬರುವ ಅಂಚಿನ ಪಟ್ಟಿ ಸುರುಳಿಯಲ್ಲಿ ಸಿಗುತ್ತದೆ. ಇಸ್ತ್ರಿ, ಒತ್ತು, ತಣಿಸು. ನಾಲ್ಕು ಸ್ಟೂಲಿನ ಅಂಚು ಮುಗಿಸಿದರೆ ಕೈಗೆ ಬಿಸಿಯ ಅಂದಾಜು ಬರುತ್ತದೆ.

ಮರಳು ಕಾಗದದ ಕೆಲಸ ಮಾರನೇ ದಿನಕ್ಕಿರಲಿ. 180 ನಂಬರಿನ ಕಾಗದದಿಂದ ಶುರು ಮಾಡಿ, ಇನ್ನೂ ನುಣುಪಾದ 240ಕ್ಕೆ ನಿಲ್ಲಿಸಿ, ಎಳೆಯ ಉದ್ದಕ್ಕೆ, ಮರದ ತುಂಡಿಗೆ ಸುತ್ತಿ ಕೈಯಲ್ಲೇ ಉಜ್ಜಿ. ಮೆಷಿನ್ ಹಿಡಿದರೆ ಅರ್ಧ ಮಿಲಿಮೀಟರು ಅಂಚಿನಲ್ಲಿ ಕ್ಷಣಕ್ಕೆ ಸವೆದು ಪ್ಲೈವುಡ್ ಇಣುಕುತ್ತದೆ. ಆಮೇಲೆ ಅರಗಿನ ಪಾಲಿಶ್ ಆದರೂ ಸರಿ, ನಿಮಗೆ ಅಭ್ಯಾಸವಿರುವ ಬೇರೆ ಯಾವುದಾದರೂ ಸರಿ.

ಇಟ್ಟಿಗೆ ಇಳಿಸುತ್ತಿದ್ದೇನೆ. ಹಲಗೆ ತಣ್ಣಗಾಗಿದೆ, ಕೈಯಿಟ್ಟು ನೋಡಿ. ಹೊರಗೆ ಚಾಚಿದ್ದನ್ನು ಹೀಗೆ ಮಗುಚಿ, ಬ್ಲೇಡಿನಿಂದ ಪ್ಲೈವುಡ್ಡಿನ ಅಂಚಿಗೆ ತಾಗಿಸಿ ತೆಗೆಯುತ್ತೇನೆ. ಎಳೆಗೆ ಅಡ್ಡ ಬರುವ ಎರಡು ಬದಿಯನ್ನು ಮೊದಲು ಕತ್ತರಿಸಬೇಕು, ಕೊನೆಯಲ್ಲಿ ಚೂರು ಸಿಡಿದರೂ ಅದು ಮುಂದೆ ತೆಗೆದುಹಾಕುವ ಭಾಗದಲ್ಲೇ ಹೋಗುತ್ತದೆ. ಆಯಿತು. ಇದನ್ನು ಈಗ ಎಲ್ಲರ ಕೈಗೂ ಕೊಡುತ್ತೇನೆ. ಇದರಲ್ಲಿ ಒಂದು ಅಂಚಿನ ಹತ್ತಿರ ನಾಲ್ಕು ಬೆರಳಗಲದ ಜಾಗಕ್ಕೆ ನಾನು ಬೇಕೆಂದೇ ಇಸ್ತ್ರಿ ತಾಗಿಸಿಲ್ಲ. ಕಣ್ಣು ಮುಚ್ಚಿಕೊಂಡು ಉಗುರಿನಿಂದ ತಟ್ಟುತ್ತಾ ಹೋಗಿ. ಎಲ್ಲಿ ಅಂತ ಸಿಕ್ಕಿದವರು ಸೀಮೆಸುಣ್ಣದ ಗುರುತು ಹಾಕಿ ಪಕ್ಕದವರಿಗೆ ಕೊಡಿ, ಇಸ್ತ್ರಿ ಪೆಟ್ಟಿಗೆ ಇನ್ನೂ ಬಿಸಿಯಾಗಿಯೇ ಇದೆ.